ನನ್ನ ತೂಕ 82 ಕೆಜಿ: ಈ ಎರಡು ಕುದುರೆಗಳಲ್ಲಿ ಯಾವುದು ನನ್ನನ್ನು ಹೊತ್ತೀತು?

ಪ್ರಶ್ನೆ: ನನಗೆ 38 ವರ್ಷ, ಎತ್ತರ 5 ಅಡಿ 10 ಇಂಚು, ತೂಕ 82 ಕೆಜಿ. ಮೈಸೂರಿನ ಹತ್ತಿರ ಒಂದೂವರೆ ವರ್ಷದಿಂದ ಸವಾರಿ ಕಲಿಯುತ್ತಿದ್ದೇನೆ. ಈಗ ಸ್ವಂತಕ್ಕೊಂದು ಕುದುರೆ ಕೊಳ್ಳುವ ಆಸೆ. ಎರಡನ್ನು ನೋಡಿಟ್ಟಿದ್ದೇನೆ. ಒಂದು ಏಳು ವರ್ಷದ ಮಾರ್ವಾಡಿ ಹೆಣ್ಣುಕುದುರೆ, 14.3 ಹ್ಯಾಂಡ್ ಎತ್ತರ (ಒಂದು ಹ್ಯಾಂಡ್ ಎಂದರೆ 4 ಇಂಚು, ಹಾಗಾಗಿ 59 ಇಂಚು), ಎದೆಸುತ್ತು 168 ಸೆಂ.ಮೀ., ಉದ್ದ 150 ಸೆಂ.ಮೀ. "400 ಕೆಜಿ ಇದೆ, ನಿಮ್ಮನ್ನು ಆರಾಮಾಗಿ ಹೊರುತ್ತೆ" ಎನ್ನುತ್ತಾರೆ ಮಾರುವವರು. ಇನ್ನೊಂದು ರೇಸ್ ಬಿಟ್ಟು ಬಂದ ಆರು ವರ್ಷದ ಥರೋಬ್ರೆಡ್ ಗೆಲ್ಡಿಂಗ್ (ಬೀಜ ಒಡೆದ ಗಂಡುಕುದುರೆ), 16 ಹ್ಯಾಂಡ್, ಎದೆಸುತ್ತು 183, ಉದ್ದ 165. ಪಕ್ಕೆಲುಬು ತುಸು ಕಾಣುತ್ತವೆ. ಕುದುರೆಯ ತೂಕದ ಶೇ 20ರಷ್ಟು ಹೊರಿಸಬಹುದು ಎಂದು ಕೇಳಿದ್ದೇನೆ. ಆ ಲೆಕ್ಕದಲ್ಲಿ ಎರಡೂ ನನಗೆ ಹೊಂದುತ್ತವಲ್ಲವೇ?

ಉತ್ತರ: ಮಾರ್ವಾಡಿ ನಿಮಗೆ ಬೇಡ. ಥರೋಬ್ರೆಡ್ ಕೂಡ ಈಗಿರುವ ಸ್ಥಿತಿಯಲ್ಲಿ ಬೇಡ. ಎರಡು ಕಾರಣಗಳು ಬೇರೆಬೇರೆ, ಹಾಗಾಗಿ ಒಂದೊಂದಾಗಿ ನೋಡೋಣ.

ಮೊದಲು ಕುದುರೆಯ ತೂಕ. ಕಣ್ಣಂದಾಜಿನಲ್ಲಿ ಹೇಳಿದ ತೂಕವನ್ನು ಯಾವತ್ತೂ ನಂಬಬೇಡಿ. ಬಾಲ ಕತ್ತು ಎತ್ತಿ ನಿಂತ ಮಾರ್ವಾಡಿ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಟೇಪಿನ ಸೂತ್ರ ಸರಳ. ಎದೆಸುತ್ತನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಅಳತೆ ಸೆಂಟಿಮೀಟರಿನಲ್ಲಿದ್ದರೆ ಉತ್ತರ ಕೆಜಿಯಲ್ಲಿ ಬರುತ್ತದೆ. ನಿಮ್ಮ ಅಳತೆಗಳ ಪ್ರಕಾರ ಮಾರ್ವಾಡಿ 356 ಕೆಜಿ, ಥರೋಬ್ರೆಡ್ 465 ಕೆಜಿ. ಮಾರುವವರ 400 ಕೆಜಿ ನಿಜವಾಗಬೇಕಾದರೆ ಆ ಹೆಣ್ಣುಕುದುರೆಯ ಎದೆಸುತ್ತು 178 ಇರಬೇಕಿತ್ತು. ಹತ್ತು ಸೆಂಟಿಮೀಟರ್ ಎಂದರೆ ಸಣ್ಣ ವ್ಯತ್ಯಾಸವಲ್ಲ.

ಅಳೆಯುವ ಕ್ರಮ ಸರಿಯಿದ್ದರೆ ಮಾತ್ರ ಈ ಸೂತ್ರಕ್ಕೆ ಬೆಲೆ. ಕುದುರೆ ಸಮನೆಲದ ಮೇಲೆ ನಾಲ್ಕೂ ಕಾಲಿಗೆ ಭಾರ ಹಾಕಿ ನಿಂತಿರಬೇಕು. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಕಡೆ ಎದ್ದಿರುವ ದಿಣ್ಣೆಯನ್ನು ಲಾಯದಲ್ಲಿ ವಿದರ್ಸ್ ಎನ್ನುತ್ತಾರೆ. ಟೇಪು ಆ ದಿಣ್ಣೆಯ ಹಿಂಭಾಗದಿಂದ ಇಳಿದು ಮುಂಗಾಲಿನ ಮೊಣಕೈಗೆ ತಾಗಿದಂತೆ ಹಿಂದೆ ಸುತ್ತಿ ಬರಬೇಕು. ಉಸಿರು ಬಿಟ್ಟ ಕ್ಷಣದಲ್ಲಿ ಓದಿಕೊಳ್ಳಿ. ಉದ್ದವನ್ನು ಎದೆಯ ಮುಂದೆ ಭುಜದ ಮೂಳೆ ಚೂಪಾಗಿ ಸಿಗುವ ಜಾಗದಿಂದ ಹಿಂದೆ ಕುಂಡೆಯ ಮೂಳೆಯ ತುದಿವರೆಗೆ ಹಿಡಿಯಿರಿ. ದರ್ಜಿಯ ಟೇಪು 150 ಸೆಂಟಿಮೀಟರಿಗೇ ಮುಗಿದುಹೋಗುತ್ತದೆ, ಎರಡು ತುಂಡು ಸೇರಿಸಿದರೆ ತಪ್ಪು ನುಸುಳುತ್ತದೆ. ಜಗ್ಗದ ಹುರಿಯಿಂದ ಸುತ್ತಿ, ಗುರುತು ಹಾಕಿ, ನೆಲದ ಮೇಲೆ ಚಾಚಿ ಅಳೆಯುವುದು ವಾಸಿ. ಎದೆಸುತ್ತಿನಲ್ಲಿ ಒಂದು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ಇಷ್ಟು ಗಾತ್ರದ ಕುದುರೆಯಲ್ಲಿ ನಾಲ್ಕೈದು ಕೆಜಿ ಆಚೀಚೆ ಆಗುತ್ತದೆ. ಮೂರು ಸಲ ಅಳೆದು ನಡುವಿನದನ್ನು ಇಟ್ಟುಕೊಳ್ಳಿ. ಕುದುರೆಯನ್ನು ಹೇಗೂ ಗಾಡಿಯಲ್ಲಿ ಸಾಗಿಸುವುದಿದ್ದರೆ ಲಾರಿಗಳ ವೇಬ್ರಿಜ್‌ನಲ್ಲಿ ಕುದುರೆ ಹತ್ತಿಸಿ ಒಮ್ಮೆ, ಇಳಿಸಿ ಒಮ್ಮೆ ತೂಗಿಸಿದರೆ ಇನ್ನೂ ನಿಖರ.

ಇಲ್ಲಿ ಇನ್ನೊಂದು ಬಲೆ ಇದೆ. ಬೊಜ್ಜು ಬೆಳೆದ ಕುದುರೆಯ ತೂಕ ಹೆಚ್ಚು, ಹಾಗಾಗಿ ಶೇಕಡಾ ಲೆಕ್ಕದಲ್ಲಿ ಅದು ಹೆಚ್ಚು ಹೊರಬಲ್ಲದೆಂದು ತೋರುತ್ತದೆ. ನಿಜದಲ್ಲಿ ಆ ಬೊಜ್ಜೇ ಅದು ಆಗಲೇ ಹೊತ್ತಿರುವ ಹೊರೆ. ಟೆಕ್ಸಾಸ್‌ನಲ್ಲಿ 1983ರಲ್ಲಿ ರೂಪುಗೊಂಡ ಹೆನೆಕೆ ಮಾಪನ ಕುದುರೆಯ ಮೈಕಟ್ಟಿಗೆ 1ರಿಂದ 9ರವರೆಗೆ ಅಂಕ ಕೊಡುತ್ತದೆ. ಪಕ್ಕೆಲುಬು ಕಣ್ಣಿಗೆ ಕಾಣದೆ, ಬೆರಳಾಡಿಸಿದರೆ ಸುಲಭವಾಗಿ ಸಿಕ್ಕರೆ ಅದು 5. ಕುದುರೆ 7 ಅಥವಾ 8ರಲ್ಲಿದ್ದರೆ ಅದು 5ರಲ್ಲಿದ್ದಾಗ ಎಷ್ಟು ತೂಗುತ್ತಿತ್ತೋ ಅದನ್ನು ಹಿಡಿದು ಲೆಕ್ಕ ಹಾಕಬೇಕು. ಸೊರಗಿದ ಕುದುರೆಗಾದರೆ ಈಗಿನ ತೂಕವೇ ಲೆಕ್ಕ. ಎರಡರಲ್ಲಿ ಯಾವುದು ಕಡಿಮೆಯೋ ಅದು. ಪಕ್ಕೆಲುಬು ಮಸುಕಾಗಿ ಕಾಣುವ ನಿಮ್ಮ ಥರೋಬ್ರೆಡ್ 4ರ ಆಸುಪಾಸಿನಲ್ಲಿದೆ, ಅದಕ್ಕೆ 465 ಸರಿ.

ಈಗ ಸವಾರನ ಕಡೆ. ನಿಮ್ಮ ಲೆಕ್ಕ ತಪ್ಪಿದ್ದು ಇಲ್ಲಿ. 82 ಕೆಜಿ ನಿಮ್ಮ ಮೈತೂಕ ಮಾತ್ರ. ಕುದುರೆಗೆ ಮೈತೂಕವೂ ಒಂದೇ, ಸ್ಯಾಡಲ್ಲೂ (ಜೀನು) ಒಂದೇ. ಬೂಟು, ಹೆಲ್ಮೆಟ್, ಬಟ್ಟೆಗೆ 3 ಕೆಜಿ. ಕಾಲಿಡುವ ಸ್ಟಿರಪ್ ಸಮೇತ ಸಾಧಾರಣ ಇಂಗ್ಲಿಷ್ ಸ್ಯಾಡಲ್‌ಗೆ 7. ಹೊಟ್ಟೆಗೆ ಬಿಗಿಯುವ ಗರ್ತ್ ಪಟ್ಟಿ, ಕೆಳಗೆ ಹಾಸುವ ಪ್ಯಾಡು, ಕಡಿವಾಣ ಲಗಾಮಿಗೆ 2. ಒಟ್ಟು 94. ವೆಸ್ಟರ್ನ್ ಸ್ಯಾಡಲ್ ಹಾಕಿದರೆ ಅದೊಂದೇ 14 ಕೆಜಿ ದಾಟುವುದು ಮಾಮೂಲು. ಎಲ್ಲವನ್ನೂ ಗೋಣಿಚೀಲದಲ್ಲಿ ಹಾಕಿ, ಅದನ್ನು ಎತ್ತಿಕೊಂಡು ನೀವೇ ತಕ್ಕಡಿ ಮೇಲೆ ನಿಂತರೆ ಅಂದಾಜು ಮಾಡುವ ಗೋಜೇ ಇಲ್ಲ.

94 ಕೆಜಿ ಎಂದರೆ ಮಾರ್ವಾಡಿಯ ತೂಕದ ಶೇ 26.4, ಥರೋಬ್ರೆಡ್‌ನ ಶೇ 20.2.

ಶೇ 20 ಎಂಬುದು ಎಲ್ಲಿಂದ ಬಂತು, ಅದರಾಚೆ ಏನಾಗುತ್ತದೆ ಎಂಬುದಕ್ಕೆ ಅಳೆದು ನೋಡಿದ ಆಧಾರವಿದೆ. ಅಮೆರಿಕದ ಒಹಾಯೊದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಂಟು ಕುದುರೆಗಳಿಗೆ ಅವುಗಳ ತೂಕದ ಶೇ 15, 20, 25, 30ರಷ್ಟು ಭಾರ ಹೊರಿಸಿ 45 ನಿಮಿಷ ಕೆಲಸ ಮಾಡಿಸಿದರು. 15ಕ್ಕೂ 20ಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. 25ಕ್ಕೆ ಬಂದಾಗ ಎದೆಬಡಿತ ಏರಿತು, ಬೆನ್ನಿನ ಸ್ನಾಯುಗಳಲ್ಲಿ ನೋವು ಬಿಗಿತ ಕಾಣಿಸಿತು, 30ರಲ್ಲಿ ಇನ್ನೂ ಹೆಚ್ಚಿತು. ಐಸ್‌ಲ್ಯಾಂಡಿನ ಗಿಡ್ಡ ಕುದುರೆಗಳು ದೊಡ್ಡವರನ್ನು ಹೊರುವುದಕ್ಕೆ ಹೆಸರಾದವು. 2017ರ ಅಧ್ಯಯನವೊಂದರಲ್ಲಿ ಅವುಗಳಿಗೆ ಶೇ 20ರಿಂದ 35ರವರೆಗೆ ಹೊರಿಸಿದಾಗ, ಸುಮಾರು 22.7ರ ಹತ್ತಿರ ಸ್ನಾಯು ದುಡಿದಂತೆ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ದಣಿವಿನ ಗಡಿಯಾದ ಲೀಟರಿಗೆ 4 ಮಿಲಿಮೋಲ್ ಮುಟ್ಟಿತು. ಅಂಥ ಗಟ್ಟಿ ತಳಿಗೂ ಅಷ್ಟೇ. ಇಂಗ್ಲೆಂಡಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಜೊತೆಗಾರರು 2019ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಕಟುವಾದದ್ದನ್ನು ತೋರಿಸಿತು. ಆರು ಕುದುರೆಗಳನ್ನು ಬೇರೆಬೇರೆ ತೂಕದ ನಾಲ್ವರು ಸವಾರರು ಸವಾರಿ ಮಾಡಿದರು. ಇಬ್ಬರು ಭಾರಿ ಸವಾರರ ಪರೀಕ್ಷೆಗಳನ್ನೆಲ್ಲ ಅರ್ಧದಲ್ಲೇ ನಿಲ್ಲಿಸಬೇಕಾಯಿತು, ಬಹುಪಾಲು ಕುದುರೆ ಕುಂಟತೊಡಗಿದ್ದರಿಂದ. ಅವರಲ್ಲೊಬ್ಬರ ತೂಕ ಕುದುರೆಯ ತೂಕದ ಶೇ 15ರಿಂದ 18ರ ಒಳಗೇ ಇತ್ತು! ಹಗುರ ಸವಾರರು ಹತ್ತಿದಾಗ ಅವೇ ಕುದುರೆಗಳು ಮತ್ತೆ ಸರಿಯಾಗಿ ನಡೆದವು. ಅದು ಸಣ್ಣ ಪ್ರಯೋಗ, ಒಬ್ಬೊಬ್ಬ ಸವಾರನಿಗೂ ಸ್ಯಾಡಲ್ ಹೊಂದಿಸಿರಲಿಲ್ಲ. ಹಾಗಾಗಿ ಅಲ್ಲಿನ ಅಂಕಿಯನ್ನು ಗೆರೆ ಎಂದು ಹಿಡಿಯಬಾರದು. ಆದರೆ ಶೇ 20ರ ಒಳಗಿದ್ದ ಮಾತ್ರಕ್ಕೆ ಪರವಾನಗಿ ಸಿಕ್ಕಿತೆಂದಲ್ಲ ಎಂಬುದನ್ನು ಅದು ಸ್ಪಷ್ಟವಾಗಿ ಹೇಳಿತು.

ಇವೆಲ್ಲ ನೋಡಿದ ಮೇಲೆ ನಾವು ಹೇಳುವುದು ಇಷ್ಟು: ಸಾಮಾನು ಸೇರಿ ಶೇ 15ರ ಒಳಗಿದ್ದರೆ ಆರೋಗ್ಯವಾದ ಪ್ರಾಯದ ಕುದುರೆಗೆ ದಿನನಿತ್ಯದ ಕೆಲಸ. 15ರಿಂದ 20ರವರೆಗೆ ಕುದುರೆಯ ಮೈಕಟ್ಟು, ಅಭ್ಯಾಸ, ಸ್ಯಾಡಲ್, ಸವಾರನ ಸಮತೋಲ ಎಲ್ಲ ಕೂಡಿಬಂದರೆ ಮಾತ್ರ. 20ರ ಮೇಲೆ ಬೇಡ. ಕಾನೂನಿನ ಕಡೆಯಿಂದಲೂ ಒಂದು ಅಳತೆಗೋಲಿದೆ. ನಮ್ಮ ದೇಶದ 1965ರ ಎಳೆತದ ಮತ್ತು ಹೊರೆ ಪ್ರಾಣಿಗಳ ಹಿಂಸೆ ತಡೆ ನಿಯಮಗಳು ಗಿಡ್ಡ ಕುದುರೆಯಾದ ಪೋನಿಯ ಬೆನ್ನಿಗೆ 70 ಕೆಜಿಗಿಂತ ಹೆಚ್ಚು ಹೊರೆ ಹಾಕಬಾರದೆನ್ನುತ್ತವೆ. ಅದು ಸರಕಿನ ಹೊರೆಗೆ ಹೇಳಿದ್ದು, ನಿಜ. ಗಿರಿಧಾಮಗಳಲ್ಲಿ ಪೋನಿ ಮೇಲೆ 90 ಕೆಜಿಯವರನ್ನು ಕೂರಿಸುವುದು ಎಷ್ಟು ತಪ್ಪು ಎಂದು ಅಳೆಯಲು ಅದೇ ಸಾಕು.

ಭಾರ ಎಲ್ಲಿ ಕೂರುತ್ತದೆ ಎಂದು ತಿಳಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಕುದುರೆಗೆ ಕಾಲರ್ ಎಲುಬು ಇಲ್ಲ. ಅದರ ಎದೆಗೂಡು ಎರಡು ಮುಂಗಾಲುಗಳ ನಡುವೆ ಬರೀ ಸ್ನಾಯುಗಳಿಂದ ತೊಟ್ಟಿಲಿನಂತೆ ತೂಗುತ್ತಿರುತ್ತದೆ. ನಿಂತಾಗ ಸ್ವಂತ ತೂಕದ ಹೆಚ್ಚುಕಮ್ಮಿ ಶೇ 60 ಮುಂಗಾಲಿನ ಮೇಲೇ ಇರುತ್ತದೆ. ನೀವು ಕೂತರೆ ಬೆನ್ನು ಕೆಳಕ್ಕೆ ಬಾಗಲು ನೋಡುತ್ತದೆ, ಹೊಟ್ಟೆಯ ಸ್ನಾಯುಗಳು ಬಿಲ್ಲಿನ ಹೆದೆಯಂತೆ ಎಳೆದು ಅದನ್ನು ಎತ್ತಿ ಹಿಡಿಯಬೇಕು. ಈ ಸ್ನಾಯು ಬೆಳೆಯದ ಕುದುರೆ ಬೆನ್ನು ಬಗ್ಗಿಸಿ, ತಲೆ ಮೇಲೆತ್ತಿ ನಡೆಯುತ್ತದೆ. ಇನ್ನು ಭಾರ ನಡೆಯಿಂದ ನಡೆಗೆ ಬದಲಾಗುತ್ತದೆ. ನಿಧಾನ ನಡಿಗೆಯಾದ ವಾಕ್‌ನಲ್ಲಿ ಬೆನ್ನಿನ ಮೇಲೆ ಬೀಳುವ ಹೆಚ್ಚಿನ ಒತ್ತಡ ಸವಾರನ ತೂಕಕ್ಕಿಂತ ತುಸು ಹೆಚ್ಚು. ಕೂತೇ ಟ್ರಾಟ್ (ಕುಲುಕಾಟದ ಓಟ) ಮಾಡಿದರೆ ಪ್ರತಿ ಹೆಜ್ಜೆಯಲ್ಲೂ ಅದು ಎರಡೂವರೆ ಪಟ್ಟಿನ ಹತ್ತಿರ ಹೋಗುತ್ತದೆ, ಅದಕ್ಕಿಂತ ವೇಗದ ಕ್ಯಾಂಟರ್‌ನಲ್ಲಿ ಅದಕ್ಕೂ ಮೇಲೆ. ಏಳುತ್ತಾ ಕೂರುತ್ತಾ ಹೋಗುವ ರೈಸಿಂಗ್ ಟ್ರಾಟ್‌ನಲ್ಲಿ ಕಡಿಮೆ, ಸ್ಟಿರಪ್ ಮೇಲೆ ನಿಂತು ಸೀಟು ಎತ್ತಿ ಹಿಡಿದರೆ ಇನ್ನೂ ಕಡಿಮೆ. ಅದಕ್ಕೇ 60 ಕೆಜಿಯ ಅಲುಗಾಡುವ ಹೊಸಬ 75 ಕೆಜಿಯ ನುರಿತವನಿಗಿಂತ ಕುದುರೆಗೆ ಹೆಚ್ಚು ನೋವು ಕೊಡಬಲ್ಲ. ಒಂದೂವರೆ ವರ್ಷದ ಕಲಿಕೆಯಲ್ಲಿ ನೀವು ಕೂತು ಟ್ರಾಟ್ ಮಾಡುವಾಗ ಲಗಾಮಿಗೆ ಜೋತು ಬೀಳುತ್ತಿದ್ದರೆ ನಿಮ್ಮ ಮಿತಿಯನ್ನು ಶೇ 17ಕ್ಕೆ ಇಳಿಸಿಕೊಳ್ಳಿ.

ಕುದುರೆಯ ಪಕ್ಕದಲ್ಲಿ ನಿಂತಾಗ ನೋಡಬೇಕಾದ ಎರಡು ಜಾಗಗಳಿವೆ. ಒಹಾಯೊ ಅಧ್ಯಯನದಲ್ಲಿ ಸೊಂಟ ಅಗಲವಾಗಿದ್ದ, ಕಾಲೆಲುಬು ದಪ್ಪವಾಗಿದ್ದ ಕುದುರೆಗಳಿಗೆ ಸ್ನಾಯು ನೋವು ಕಡಿಮೆ ಬಂದಿತ್ತು. ಸೊಂಟವೆಂದರೆ ಕೊನೆಯ ಪಕ್ಕೆಲುಬಿನಿಂದ ಹಿಂಭಾಗದ ಎತ್ತರದವರೆಗಿನ ಭಾಗ. ಅಲ್ಲಿ ಪಕ್ಕೆಲುಬಿನ ಆಸರೆಯೇ ಇಲ್ಲ. ಮೇಲಿನಿಂದ ನೋಡಿದರೆ ಅದು ಗಿಡ್ಡವಾಗಿ, ಅಗಲವಾಗಿ, ಚಪ್ಪಟೆಯಾಗಿ ಇರಬೇಕು. ನಡುವೆ ಬೆನ್ನೆಲುಬು ಏಣಾಗಿ ಎದ್ದು ಎರಡೂ ಕಡೆ ತಗ್ಗು ಬಿದ್ದಿದ್ದರೆ ಭಾರದ ಸವಾರನಿಗೆ ಅಲ್ಲ. ಕಾಲೆಲುಬನ್ನು ಮುಂಗಾಲಿನ ಮೊಣಕಾಲಿನ ಕೂಡಲೇ ಕೆಳಗೆ ಟೇಪು ಸುತ್ತಿ ಅಳೆಯಿರಿ. 450 ಕೆಜಿಯ ಕುದುರೆಗೆ 20 ಸೆಂಟಿಮೀಟರ್ ಇದ್ದರೆ ಒಳ್ಳೆಯದು. 18ಕ್ಕೆ ಇಳಿದರೆ ಶೇಕಡಾ ಲೆಕ್ಕ ಏನೇ ಹೇಳಲಿ ಹಗುರ ಸವಾರನಿಗೇ ಬಿಡಿ.

ಮಾರ್ವಾಡಿಯ ವಿಷಯದಲ್ಲಿ ಇನ್ನೊಂದು ಅಡ್ಡಿ ಸ್ಯಾಡಲ್‌ನದು. ನಿಮ್ಮ ಎತ್ತರಕ್ಕೂ ತೊಡೆಯ ಉದ್ದಕ್ಕೂ ಹದಿನೇಳೂವರೆ ಅಥವಾ 18 ಇಂಚಿನ ಸೀಟು ಬೇಕು. ಸ್ಯಾಡಲ್ ಹೆಗಲೆಲುಬಿನ ಹಿಂದೆ ಶುರುವಾಗಿ ಕೊನೆಯ ಪಕ್ಕೆಲುಬಿನ ಮುಂಚೆ ಮುಗಿಯಬೇಕು. ಹೊಟ್ಟೆಯ ಪಕ್ಕದಲ್ಲಿ ಕೊನೆಯ ಪಕ್ಕೆಲುಬನ್ನು ಬೆರಳಿನಲ್ಲಿ ಹಿಡಿದು ಮೇಲಕ್ಕೆ ಸಾಗಿಸಿ ಬೆನ್ನೆಲುಬು ಮುಟ್ಟುವಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ಗಿಡ್ಡ ಬೆನ್ನಿನ 14.3 ಹ್ಯಾಂಡ್ ಕುದುರೆಯಲ್ಲಿ ದೊಡ್ಡ ಸ್ಯಾಡಲ್ ಆ ಗೆರೆ ದಾಟುವ ಸಾಧ್ಯತೆ ಹೆಚ್ಚು. ಹಾಗೆಂದು ಚಿಕ್ಕ ಸ್ಯಾಡಲ್ ಹಾಕಿದರೆ ನೀವು ಹಿಂದಿನ ಅಂಚಿನ ಮೇಲೆ ಕೂರುತ್ತೀರಿ, ಪೂರ್ತಿ ಭಾರ ಅಂಗೈಯಗಲದ ಜಾಗಕ್ಕೆ ಇಳಿಯುತ್ತದೆ. ಕೂತಾಗ ನಿಮ್ಮ ಹಿಂದೆ ನಾಲ್ಕು ಬೆರಳು ಜಾಗ ಉಳಿಯಬೇಕು, ನೀವು ಮೇಲಿದ್ದಾಗಲೂ ಸ್ಯಾಡಲ್‌ನ ಕಮಾನಿಗೂ ವಿದರ್ಸ್‌ಗೂ ನಡುವೆ ಎರಡು ಬೆರಳಾದರೂ ಹೋಗಬೇಕು. 1965ರ ನಿಯಮಗಳೂ ಕಮಾನಿಗೂ ವಿದರ್ಸ್‌ಗೂ ನಡುವೆ ಸಾಕಷ್ಟು ಅಂತರವನ್ನು ಕಡ್ಡಾಯ ಮಾಡಿವೆ. ಆ ಹೆಣ್ಣುಕುದುರೆ ಒಳ್ಳೆಯದೇ ಇರಬಹುದು. ಶೇ 20ಕ್ಕೆ ಅದು ಒಟ್ಟು 71 ಕೆಜಿ ಹೊರಬಹುದು, ಅಂದರೆ ಸಾಮಾನು ಕಳೆದು 59 ಕೆಜಿಯ ಸವಾರನಿಗೆ ಸೈ. ನಿಮಗಲ್ಲ.

ಥರೋಬ್ರೆಡ್‌ದು ಬೇರೆ ಕಥೆ. ಬೆಂಗಳೂರು, ಮೈಸೂರು ರೇಸ್‌ಕೋರ್ಸುಗಳಿಂದ ಹೊರಬಿದ್ದ ಕುದುರೆಗಳೇ ನಮ್ಮ ಕಡೆ ಸವಾರಿ ಶಾಲೆಗಳಲ್ಲಿ ಹೆಚ್ಚು. ರೇಸ್‌ನಲ್ಲಿ ಅವು ಹೊತ್ತದ್ದು ಜಾಕಿ ಸ್ಯಾಡಲ್ ಎಲ್ಲ ಸೇರಿ ಸಾಮಾನ್ಯವಾಗಿ 50ರಿಂದ 60 ಕೆಜಿ, ಅದೂ ಸ್ಟಿರಪ್ ಮೇಲೆ ಎದ್ದು ನಿಂತವರನ್ನು. 465 ಕೆಜಿಯ ಕುದುರೆಗೆ ಅದು ಶೇ 11ರಿಂದ 13. ನೀವು ಹತ್ತಿದ ದಿನ ಅದರ ಬೆನ್ನಿಗೆ 34-44 ಕೆಜಿ ಒಮ್ಮೆಲೇ ಹೆಚ್ಚುತ್ತದೆ, ಮೇಲಾಗಿ ಕೂತ ಭಾರ. ಈ ತಳಿಯಲ್ಲಿ ಬೆನ್ನೆಲುಬಿನ ಮೇಲ್ಮುಳ್ಳುಗಳು ಒಂದಕ್ಕೊಂದು ತಾಗುವ ಕಿಸ್ಸಿಂಗ್ ಸ್ಪೈನ್ ತೊಂದರೆ ಅಪರೂಪವಲ್ಲ. ಮುಂಗಾಲಿನ ಹಿಂದಿನ ಸ್ನಾಯುರಜ್ಜು ಹಳೆಯ ಏಟಿನಿಂದ ಉಬ್ಬಿರಬಹುದು. ಗೊರಸಿನ ಮುಂಗೋಡು ಉದ್ದ, ಹಿಮ್ಮಡಿ ಕುಸಿದದ್ದು ಇನ್ನೂ ಸಾಮಾನ್ಯ. ಕೊಳ್ಳುವ ಮುಂಚೆ ಪಶುವೈದ್ಯರಿಂದ ಬೆನ್ನಿನ ಎಕ್ಸ್‌ರೇ, ಎರಡೂ ಮುಂಗಾಲಿನ ರಜ್ಜುಗಳ ಅಲ್ಟ್ರಾಸೌಂಡ್ ಮಾಡಿಸಿ. ಕುದುರೆಯ ಬೆಲೆಯ ಮುಂದೆ ಅದು ದೊಡ್ಡ ಖರ್ಚಲ್ಲ.

ಎಲ್ಲ ಸರಿಯಿದ್ದು ಕೊಂಡಿರಿ ಎಂದಿಟ್ಟುಕೊಳ್ಳಿ. ಮೊದಲ ಎಂಟು ಹತ್ತು ವಾರ ನೀವು ಹತ್ತಬೇಡಿ. ಒಳ್ಳೆಯ ಹುಲ್ಲು ಹೊಟ್ಟೆತುಂಬ, ದಾಣಿಯನ್ನು ಮೆಲ್ಲಗೆ ಏರಿಸುತ್ತಾ ಮೈಕಟ್ಟನ್ನು 5ಕ್ಕೆ ತನ್ನಿ. ಐದಾರು ವಾರಕ್ಕೊಮ್ಮೆ ಲಾಳ. ಕೈಯಲ್ಲಿ ಹಿಡಿದು ಇಳಿಜಾರು ಹತ್ತಿಸುವುದು, ನೆಲದ ಮೇಲೆ ಅಡ್ಡಗಟ್ಟಿದ ಕಂಬಗಳ ಮೇಲೆ ದಾಟಿಸುವುದು, ಹಿಂದಕ್ಕೆ ನಡೆಸುವುದು ಹೊಟ್ಟೆ ಬೆನ್ನಿನ ಸ್ನಾಯು ಕಟ್ಟುತ್ತವೆ. 60-65 ಕೆಜಿಯ ನುರಿತ ಸವಾರರೊಬ್ಬರು ವಾರಕ್ಕೆ ನಾಲ್ಕು ದಿನ ಅರ್ಧ ಗಂಟೆ ಸವಾರಿ ಮಾಡಲಿ. ಆಮೇಲೆ ನೀವು 20 ನಿಮಿಷದಿಂದ ಶುರು ಮಾಡಿ, ಹೆಚ್ಚುಪಾಲು ವಾಕ್. ಹತ್ತಲು ಮೆಟ್ಟಿಲೋ ಕಲ್ಲುಕಟ್ಟೆಯೋ ಬೇಕೇ ಬೇಕು. ನೆಲದಿಂದ ಸ್ಟಿರಪ್‌ಗೆ ಕಾಲಿಟ್ಟು ನೇತಾಡಿದರೆ ಸ್ಯಾಡಲ್ ಎಡಕ್ಕೆ ತಿರುಚಿ ವಿದರ್ಸ್ ಹಿಂಡುತ್ತದೆ. ನಿಮ್ಮ ಕಡೆಯಿಂದ ಹಗುರ ಸಿಂಥೆಟಿಕ್ ಸ್ಯಾಡಲ್‌ಗೆ ಬದಲಾದರೆ ಎರಡು ಕೆಜಿ ಉಳಿಯುತ್ತದೆ, ನೀವು 76ಕ್ಕೆ ಇಳಿದರೆ ಒಟ್ಟು 86 ಆಗಿ ಶೇ 18.5ಕ್ಕೆ ಬರುತ್ತದೆ. ಅಷ್ಟಾದರೆ ಈ ಕುದುರೆ ನಿಮಗೆ ಆಗಬಹುದು. ಅದು ಬೇಡವೆಂದರೆ ಇದೇ 94 ಕೆಜಿಯನ್ನು ಶೇ 18ರಲ್ಲಿ ಹೊರಲು 520 ಕೆಜಿ ಮೇಲ್ಪಟ್ಟ, ಎಲುಬು ದಪ್ಪ ಕುದುರೆ ಹುಡುಕಿ.

ಬೇಸಿಗೆಯಲ್ಲಿ ಲೆಕ್ಕ ಬೇರೆ. 37 ಡಿಗ್ರಿ ದಾಟುವ ಊರಿನಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಈ ಪ್ರಾಣಿಗಳಿಂದ ಕೆಲಸ ಮಾಡಿಸುವುದನ್ನು ಅದೇ 1965ರ ನಿಯಮಗಳು ನಿಷೇಧಿಸಿವೆ. ರಾಯಚೂರು, ಕಲಬುರಗಿ ಕಡೆ ಬೆಳಿಗ್ಗೆ ಎಂಟರ ಮೇಲೇ ಭಾರ ಕಡಿಮೆ ಮಾಡಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಭಾರ ಸರಿಹೋಯಿತೋ ಇಲ್ಲವೋ ಎಂದು ಹೇಳಬೇಕಾದ್ದು ಕುದುರೆಯೇ. ಸವಾರಿಗೆ ಮುಂಚೆ, ಇಳಿದ ಕೂಡಲೇ, ಮರುದಿನ ಬೆಳಿಗ್ಗೆ, ಹೀಗೆ ಮೂರು ಸಲ ಬೆನ್ನು ಒತ್ತಿ ನೋಡಿ. ಬೆನ್ನೆಲುಬಿನಿಂದ ಮೂರು ಬೆರಳು ಪಕ್ಕಕ್ಕೆ, ವಿದರ್ಸ್‌ನಿಂದ ಸೊಂಟದವರೆಗೆ ಬೆರಳತುದಿಯ ಮೆತ್ತೆಯಿಂದ ಒತ್ತುತ್ತಾ ಸಾಗಿ. ಮಾವು ಹಣ್ಣಾಗಿದೆಯೇ ಎಂದು ನೋಡುವಷ್ಟು ಒತ್ತಡ ಸಾಕು. ಉಗುರು ತಾಗಬಾರದು, ತಾಗಿದರೆ ಆರೋಗ್ಯವಂತ ಕುದುರೆಯೂ ಬೆಚ್ಚುತ್ತದೆ. ಒಂದು ಜಾಗದಲ್ಲಿ ಚರ್ಮ ನಡುಗಿದರೆ, ಬೆನ್ನು ತಗ್ಗಿಸಿದರೆ, ಕಿವಿ ಹಿಂದಕ್ಕೆ ಮಲಗಿಸಿದರೆ, ಸ್ನಾಯು ಹಗ್ಗದಂತೆ ಗಟ್ಟಿಯಾಗಿದ್ದರೆ ಗುರುತಿಟ್ಟುಕೊಳ್ಳಿ. ಸವಾರಿಗೆ ಮುಂಚೆ ಇಲ್ಲದ್ದು ಮರುದಿನ ಕಂಡರೆ ಭಾರವೋ ಸ್ಯಾಡಲೋ ತಪ್ಪಿದೆ. ಸ್ಯಾಡಲ್ ತೆಗೆದಾಗ ಬೆವರು ಎರಡೂ ಕಡೆ ಸಮವಾಗಿರಬೇಕು. ನಡುವೆ ಒಣಗಿದ ತೇಪೆಯಿದ್ದರೆ ಅಲ್ಲಿ ರಕ್ತ ಓಡದಷ್ಟು ಒತ್ತಿದೆ ಎಂದರ್ಥ. ಎದೆಬಡಿತವನ್ನು ಎಡ ಮೊಣಕೈ ಹಿಂದೆ ಸ್ಟೆತಾಸ್ಕೋಪ್ ಇಟ್ಟು ಎಣಿಸಿ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44 ಇರುವುದು, ಸವಾರಿ ನಿಂತು 15 ನಿಮಿಷದಲ್ಲಿ 64ರ ಕೆಳಗೆ ಬಾರದಿದ್ದರೆ ಕೆಲಸ ಹೆಚ್ಚಾಯಿತು. ಡೈಸನ್ ಅವರು ಸವಾರಿಯಲ್ಲಿ ನೋವು ಸೂಚಿಸುವ 24 ನಡವಳಿಕೆಗಳ ಪಟ್ಟಿ ಮಾಡಿದ್ದಾರೆ: ಬಾಲ ಬೀಸುವುದು, ಬಾಯಿ ತೆರೆಯುವುದು, ತಲೆ ಕೊಡವುವುದು, ಹಿಂಗಾಲಿನ ಗೊರಸು ನೆಲಕ್ಕೆ ಎಳೆಯುವುದು, ಕಣ್ಣು ಶೂನ್ಯಕ್ಕೆ ನೆಟ್ಟಂತಿರುವುದು ಇತ್ಯಾದಿ. ಅದರಲ್ಲಿ 8 ಅಥವಾ ಹೆಚ್ಚು ಒಟ್ಟಿಗೆ ಕಂಡರೆ ನೋವಿರುವ ಸಾಧ್ಯತೆ ಬಲವಾಗಿದೆ. "ಇದು ಮೊಂಡು ಕುದುರೆ" ಎಂದು ಲಾಯದವರು ಹೇಳಿದರೆ ಮೊದಲು ಈ ಪಟ್ಟಿ ಹಿಡಿದು ನೋಡಿ. ಗರ್ತ್ ಬಿಗಿಯುವಾಗ ಕಚ್ಚಲು ಬರುವ ಕುದುರೆ ಬಹಳ ಸಲ ಮೊಂಡಲ್ಲ.

ಥರೋಬ್ರೆಡ್ ನೋಡಲು ಮತ್ತೆ ಹೋದಾಗ ಬೆನ್ನ ಮೇಲೆ ಏನೂ ಇಲ್ಲದೆ ಬಿಸಿಲಿಗೆ ತಂದು ನಿಲ್ಲಿಸಲು ಹೇಳಿ. ವಿದರ್ಸ್‌ನ ಎರಡೂ ಬದಿ ಬಿಳಿ ಕೂದಲ ತೇಪೆ ಕಂಡರೆ ಅದು ಹಳೆಯ ಸ್ಯಾಡಲ್ ಗಾಯದ ಗುರುತು. ಟ್ರಯಲ್ ಸವಾರಿಯನ್ನು ನಿಮ್ಮ ತೂಕದಲ್ಲೇ, 15 ನಿಮಿಷ, ವಾಕ್ ಮತ್ತು ರೈಸಿಂಗ್ ಟ್ರಾಟ್ ಮಾತ್ರ ಮಾಡಿ. ಮರುದಿನ ಬೆಳಿಗ್ಗೆ ಅದನ್ನು ಹೊರಗೆ ತರುವ ಮುಂಚೆಯೇ ಲಾಯಕ್ಕೆ ಹೋಗಿ ಬೆನ್ನು ಒತ್ತಿ ನೋಡಿ, ನಂತರವಷ್ಟೇ ಮುಂಗಡದ ಮಾತಾಡಿ.